ಸಣ್ಣ ಗಾಯ ಅಂತ ಮುಚ್ಚಿಡಬೇಡಿ

(ಅಡಿಕೆ ಸುಲಿತದ ಕಾಲ ಶುರುವಾಗುವ ಮುನ್ನ ಸ್ವಸಹಾಯ ಸಂಘಗಳ ಸದಸ್ಯರಿಗೆ ಹಾಗೂ ತೆಂಗಿನ ಚಿಪ್ಪು, ಮರದ ಕೆತ್ತನೆಯ ಹವ್ಯಾಸವಿರುವ ಯುವಜನರಿಗೆ ನೀಡಿದ ಮಾಹಿತಿ ಭಾಷಣದ ಬರಹರೂಪ)



ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ. ಎಲ್ಲರೂ ಎರಡೂ ಕೈ ಮುಂದೆ ಚಾಚಿ, ನಿಮ್ಮ ನಿಮ್ಮ ಬೆರಳುಗಳನ್ನು ಒಮ್ಮೆ ನೋಡಿಕೊಳ್ಳಿ. ಎಷ್ಟು ಗೆರೆಗಳು, ಎಷ್ಟು ಕಲೆಗಳು! ಒಂದು ಮೀನು ಕುಯ್ಯುವಾಗ ಆದದ್ದು, ಒಂದು ಹುಲ್ಲು ಕೊಯ್ಯುವಾಗ ಆದದ್ದು, ಇನ್ನೊಂದು ಮೆಟ್ಟುಗತ್ತಿ ಕೊಟ್ಟ ಗುರುತು. ಯಾವುದು ಯಾವಾಗ ಆಯಿತು ಅಂತ ಕೇಳಿದರೆ ಅರ್ಧದಷ್ಟಕ್ಕೆ ನಿಮಗೇ ನೆನಪಿಲ್ಲ. "ಅಯ್ಯೋ, ಅದೆಲ್ಲ ಲೆಕ್ಕ ಇಡೋಕ್ಕಾಗುತ್ತಾ ಸಿಸ್ಟರ್" ಅಂತ ಇಲ್ಲೇ ಯಾರೋ ಹೇಳಿ ನಕ್ಕಿರಿ. ಇವತ್ತಿನ ನಮ್ಮ ಮಾತು ಲೆಕ್ಕ ಇಡದ ಆ ಗಾಯಗಳ ಬಗ್ಗೆಯೇ.

ದೊಡ್ಡ ಗಾಯವಾದರೆ ಮನೆಯವರೆಲ್ಲ ಓಡಿ ಬರುತ್ತಾರೆ, ಆಟೋ ತರುತ್ತಾರೆ, ಆಸ್ಪತ್ರೆಗೆ ಒಯ್ಯುತ್ತಾರೆ. ಸಣ್ಣ ಗಾಯಕ್ಕೆ ಯಾರೂ ಇಲ್ಲ. ಗಾಯವಾದವಳೇ ಅದನ್ನು ಸೆರಗಿನಲ್ಲಿ ಒರೆಸಿ ಮತ್ತೆ ಕೆಲಸಕ್ಕೆ ಕೂರುತ್ತಾಳೆ. ತೊಂದರೆ ಶುರುವಾಗುವುದು ಅಲ್ಲಿಂದ.

ನಮ್ಮ ಕಣ್ಣು ತೆರೆಸಿದ ಒಂದು ಹೆಬ್ಬೆರಳು

ಕೆಲವು ವರ್ಷಗಳ ಹಿಂದೆ ನಮ್ಮದೇ ಒಂದು ಸಂಘದಲ್ಲಿ ನಡೆದ ಸಂಗತಿ. ವಾರದ ಸಭೆ. ಸಾಲದ ಕಂತು ಕಟ್ಟಿ ಎಲ್ಲರೂ ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು. ಸಹಿ ಬಾರದ ಒಬ್ಬ ಅಕ್ಕ ಯಾವತ್ತೂ ಎಡಗೈ ಹೆಬ್ಬೆಟ್ಟು ಒತ್ತುವವರು, ಅವತ್ತು ಬಲಗೈ ಹೆಬ್ಬೆಟ್ಟು ಒತ್ತಿದರು. ಎಡಗೈಯನ್ನು ಸೆರಗಿನ ಒಳಗೆ ಇಟ್ಟುಕೊಂಡಿದ್ದರು. ನಾವು ಅದನ್ನು ಕಂಡೆವು. ಕಂಡರೂ ಕೇಳಲಿಲ್ಲ. ಲೆಕ್ಕ ಸರಿ ಬಂತು, ಪುಸ್ತಕ ಮುಚ್ಚಿದೆವು, ಮುಂದಿನ ಊರಿಗೆ ಹೊರಟೆವು.

ಮುಂದಿನ ವಾರ ಅವರು ಸಭೆಗೆ ಬರಲಿಲ್ಲ. ಮನೆಗೆ ಹೋಗಿ ನೋಡಿದರೆ ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿತ್ತು, ಕೀವು ತುಂಬಿತ್ತು, ಜ್ವರ ಬೇರೆ. ರಾತ್ರಿ ಅಡಿಕೆ ಸುಲಿಯುವಾಗ ತಾಗಿದ ಅರ್ಧ ಇಂಚಿನ ಗಾಯ. ಅದಕ್ಕೆ ಕಾಫಿಪುಡಿ ಒತ್ತಿ, ಹಳೇ ಬಟ್ಟೆ ಸುತ್ತಿ, ಒಂದು ದಿನವೂ ಬಿಡದೆ ಸುಲಿದಿದ್ದರು. ಹಸಿ ಅಡಿಕೆಯ ನೀರು, ಕರೆ, ಅಂಗಳದ ಮಣ್ಣು ಎಲ್ಲವೂ ಆ ಬಟ್ಟೆಯೊಳಗೆ ಸೇರಿತ್ತು. "ಮೊದಲೇ ಯಾಕೆ ಹೇಳಲಿಲ್ಲ ಅಕ್ಕಾ?" ಅಂತ ಕೇಳಿದೆವು. ಅವರು ಹೇಳಿದ್ದು ಇಷ್ಟೇ: "ಹೇಳಿದ್ರೆ ಗಾಯ ವಾಸಿ ಆದ್ಮೇಲೆ ಬಾ ಅಂತಾರೆ ಸಿಸ್ಟರ್. ಅಷ್ಟರೊಳಗೆ ಸುಲಿತವೇ ಮುಗಿದಿರುತ್ತೆ."

ಆಸ್ಪತ್ರೆಯಲ್ಲಿ ಕೀವು ತೆಗೆಸಬೇಕಾಯಿತು. ಬೆರಳು ಉಳಿಯಿತು, ಆದರೆ ಮೊದಲಿನ ಹಾಗೆ ಮಡಚಲು ಬರುವುದಿಲ್ಲ. ಆ ವರ್ಷದ ಸುಲಿತದ ಕೂಲಿಯೂ ಹೋಯಿತು. ಎರಡು ದಿನದ ಕೂಲಿ ಉಳಿಸಲು ಹೋಗಿ ಒಂದು ಸುಗ್ಗಿಯನ್ನೇ ಕಳೆದುಕೊಂಡರು.

ಇದರಲ್ಲಿ ಅವರದ್ದು ಮಾತ್ರ ತಪ್ಪು ಎಂದು ನಾವು ಹೇಳುವುದಿಲ್ಲ. ಕೇಳದೆ ಹೋದ ನಮ್ಮದೂ ತಪ್ಪು. ಅವತ್ತಿನಿಂದ ನಾವು ಸಭೆಯಲ್ಲಿ ಲೆಕ್ಕದ ಪುಸ್ತಕ ತೆರೆಯುವ ಮುಂಚೆ ಕೈ ನೋಡುತ್ತೇವೆ. ಈಗ ನಿಮ್ಮ ಕೈ ಚಾಚಿಸಿದ್ದೂ ಅದಕ್ಕೇ.

ಕುಯ್ದುಕೊಂಡ ಕೂಡಲೇ ಮಾಡಬೇಕಾದದ್ದು

ಪ್ರಥಮ ಚಿಕಿತ್ಸೆ ಎಂದರೆ ದೊಡ್ಡ ವಿದ್ಯೆಯೇನಲ್ಲ. ನಾಲ್ಕು ಮಾತು ನೆನಪಿಡಿ: ಒತ್ತಿ, ತೊಳೆಯಿರಿ, ಮುಚ್ಚಿ, ಹೇಳಿ.

ಮೊದಲನೆಯದು, ಒತ್ತಿ. ಕತ್ತಿ ಕೆಳಗಿಟ್ಟು, ಒಗೆದು ಒಣಗಿಸಿದ ಹತ್ತಿ ಬಟ್ಟೆಯನ್ನು ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿ ಹಿಡಿಯಿರಿ. ಪೂರ್ತಿ 10 ನಿಮಿಷ ಬಿಡಬೇಡಿ. ನಾವೆಲ್ಲ ಮಾಡುವ ತಪ್ಪು ಏನೆಂದರೆ, ಅರ್ಧ ನಿಮಿಷಕ್ಕೊಮ್ಮೆ "ನಿಂತಿತಾ?" ಅಂತ ಬಟ್ಟೆ ತೆಗೆದು ನೋಡುವುದು. ಹಾಗೆ ನೋಡಿದಾಗಲೆಲ್ಲ ಆಗತಾನೇ ಹೆಪ್ಪುಗಟ್ಟುತ್ತಿದ್ದ ರಕ್ತ ಕಿತ್ತು ಬರುತ್ತದೆ. ಮೊಬೈಲಿನಲ್ಲಿ ಸಮಯ ನೋಡಿಕೊಳ್ಳಿ, ಗಾಯ ನೋಡಬೇಡಿ. ಬಟ್ಟೆ ರಕ್ತದಲ್ಲಿ ನೆನೆದರೆ ಅದನ್ನು ತೆಗೆಯದೆ, ಅದರ ಮೇಲೆ ಇನ್ನೊಂದು ಬಟ್ಟೆ ಇಟ್ಟು ಒತ್ತಿ.

ಎರಡನೆಯದು, ತೊಳೆಯಿರಿ. ರಕ್ತ ನಿಂತ ಮೇಲೆ ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳಿ. ನಂತರ ಗಾಯದ ಮೇಲೆ ನೀರು ಧಾರೆಯಾಗಿ ಬೀಳುವ ಹಾಗೆ ಕೆಲವು ನಿಮಿಷ ಹಿಡಿಯಿರಿ. ಕುಡಿಯಲು ಯೋಗ್ಯವಾದ ನೀರು ಗಾಯಕ್ಕೂ ಯೋಗ್ಯ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಒಬ್ಬರು ಹೊಯ್ಯಲಿ. ಬಕೆಟ್ಟಿನೊಳಗೆ ಕೈ ಅದ್ದಬೇಡಿ. ಗಾಯದ ಸುತ್ತ ಸೋಪು ಹಚ್ಚಿ, ಮಣ್ಣು, ಸಿಪ್ಪೆಯ ಚೂರು ಉಳಿಯದ ಹಾಗೆ ನೋಡಿಕೊಳ್ಳಿ. ಸ್ವಲ್ಪವೇ ರಕ್ತ ಬರುವ ಗೀರು ಗಾಯವಾದರೆ ನೇರವಾಗಿ ತೊಳೆಯುವುದರಿಂದಲೇ ಶುರು ಮಾಡಬಹುದು.

ಮೂರನೆಯದು, ಮುಚ್ಚಿ. ಒಣ ಶುಭ್ರ ಬಟ್ಟೆಯಿಂದ ಒರೆಸಿ, ಸಣ್ಣ ಗಾಯವಾದರೆ ಬ್ಯಾಂಡೇಡ್, ಸ್ವಲ್ಪ ಉದ್ದದ್ದಾದರೆ ಗಾಜ್ ಬಟ್ಟೆ ಇಟ್ಟು ಟೇಪು ಹಾಕಿ. ದಿನಕ್ಕೊಮ್ಮೆ ಬದಲಿಸಿ. ಒದ್ದೆಯಾದರೆ, ಕೊಳೆಯಾದರೆ ಆಗಲೇ ಬದಲಿಸಿ. "ಗಾಳಿಯಾಡಲಿ" ಅಂತ ತೆರೆದಿಟ್ಟು ಕೊಟ್ಟಿಗೆ ಕೆಲಸಕ್ಕೆ ಹೋಗಬೇಡಿ.

ನಾಲ್ಕನೆಯದು, ಹೇಳಿ. ಪಕ್ಕದಲ್ಲಿ ಕುಳಿತವರಿಗೆ, ಕೆಲಸ ಕೊಟ್ಟ ಮನೆಯವರಿಗೆ, ಆಶಾ ಕಾರ್ಯಕರ್ತೆಗೆ, ಕಡೇಪಕ್ಷ ನಿಮ್ಮ ಮಗಳಿಗಾದರೂ ಹೇಳಿ. ಗಾಯವನ್ನು ಬಟ್ಟೆಯಿಂದ ಮುಚ್ಚಬೇಕು, ಜನರಿಂದ ಮುಚ್ಚಿಡಬಾರದು. ನಾಳೆ ಅದು ಕೆಂಪಾದರೆ ನೋಡುವ ಇನ್ನೊಂದು ಕಣ್ಣು ಬೇಕಲ್ಲವೇ?

ಇನ್ನೊಂದು ಮಾತು. ಬೇರೆಯವರ ಗಾಯಕ್ಕೆ ಸಹಾಯ ಮಾಡುವಾಗ ಕೈಗವಸು ಇಲ್ಲದಿದ್ದರೆ ಶುಭ್ರವಾದ ಪ್ಲಾಸ್ಟಿಕ್ ಕವರನ್ನಾದರೂ ಕೈಗೆ ಹಾಕಿಕೊಳ್ಳಿ. ರಕ್ತದ ಮೂಲಕ ಹರಡುವ ಕಾಯಿಲೆಗಳಿವೆ. ರಕ್ತ ತಾಗಿದ ಕತ್ತಿಯನ್ನು ಸೋಪು ಹಾಕಿ ತೊಳೆದ ಮೇಲೆಯೇ ಇನ್ನೊಬ್ಬರು ಬಳಸಬೇಕು.

ಗಾಯಕ್ಕೆ ಏನು ಹಾಕಬಾರದು?

ಈ ಪ್ರಶ್ನೆ ಕೇಳಿದರೆ ಪ್ರತಿ ಊರಿನಲ್ಲೂ ಒಂದೊಂದು ಪಟ್ಟಿ ಸಿಗುತ್ತದೆ. ಕಾಫಿಪುಡಿ, ಅರಿಶಿನ, ಸುಣ್ಣ, ಒಲೆಬೂದಿ, ಜೇಡರಬಲೆ, ತೋಟದ ಬದಿಯ ಸೊಪ್ಪು. ನಮ್ಮ ಅಜ್ಜಿಯರು ಕೈಗೆ ಸಿಕ್ಕಿದ್ದರಿಂದ ರಕ್ತ ನಿಲ್ಲಿಸಿದರು. ಅವರನ್ನು ನಾವು ಹೀಯಾಳಿಸುವುದಿಲ್ಲ. ಆಗ ಹತ್ತಿರದಲ್ಲಿ ಬೇರೆ ಏನೂ ಇರಲಿಲ್ಲ. ಈಗ ಇದೆ.

ಕಾಫಿಪುಡಿ ರಕ್ತವನ್ನು ಹೀರಿಕೊಂಡು ನಿಂತ ಹಾಗೆ ಕಾಣಿಸುತ್ತದೆ. ಆದರೆ ಗಾಯದೊಳಗೆ ಮಣ್ಣಿನ ಹಾಗೆ ಕೂತುಬಿಡುತ್ತದೆ. ಆಮೇಲೆ ಆಸ್ಪತ್ರೆಯಲ್ಲಿ ಅದನ್ನು ಉಜ್ಜಿ ತೆಗೆಯುವಾಗ ಗಾಯಕ್ಕಿಂತ ಹೆಚ್ಚು ನೋವು. ಅಡುಗೆಮನೆಯ ಡಬ್ಬಿಯ ಅರಿಶಿನವನ್ನು ಎಷ್ಟು ಕೈ ಮುಟ್ಟಿರುತ್ತದೋ ಗೊತ್ತಿಲ್ಲ. ಅದರ ಹಳದಿ ಬಣ್ಣದಡಿ ಗಾಯ ಕೆಂಪಾಗುತ್ತಿದೆಯೇ ಎಂದು ನೋಡಲೂ ಆಗುವುದಿಲ್ಲ. ಸುಣ್ಣ ಚರ್ಮವನ್ನು ಸುಡುತ್ತದೆ. ಬೂದಿ, ಸಗಣಿ, ಮಣ್ಣು ಇವಂತೂ ಬೇಡವೇ ಬೇಡ. ಕಾರಣ ಮುಂದೆ ಹೇಳುತ್ತೇವೆ. ಕುಯ್ದ ಬೆರಳನ್ನು ಬಾಯಲ್ಲಿ ಚೀಪುವುದೂ ತಪ್ಪು, ಬಾಯಲ್ಲಿ ರೋಗಾಣುಗಳು ತುಂಬಾ ಇರುತ್ತವೆ.

ಹಿಂದೆ ನಾವೂ ಗಾಯದೊಳಗೆ ಸ್ಪಿರಿಟ್ ಸುರಿದು "ಉರಿದರೆ ಒಳ್ಳೇದು, ತಡ್ಕೊಳ್ಳಿ" ಅಂದವರೇ. ಅದು ಸರಿಯಲ್ಲ. ಸ್ಪಿರಿಟ್, ನೀರು ಬೆರೆಸದ ಡೆಟಾಲ್ ಇವು ರೋಗಾಣುವಿನ ಜೊತೆಗೆ ಹೊಸದಾಗಿ ಬೆಳೆಯಬೇಕಾದ ಚರ್ಮಕ್ಕೂ ಹಾನಿ ಮಾಡುತ್ತವೆ. ನೀರು ಮತ್ತು ಸೋಪು ಸಾಕು. ಬೆರಳಿನ ಬುಡಕ್ಕೆ ದಾರ ಬಿಗಿದು ರಕ್ತ ನಿಲ್ಲಿಸುವ ಅಭ್ಯಾಸವನ್ನೂ ಬಿಡಿ. ದಾರ ಬಿಗಿದು ಮರೆತರೆ ರಕ್ತ ಓಡಾಡದೆ ಬೆರಳೇ ಕಪ್ಪಾಗಬಹುದು.

ಯಾವಾಗ ಆಸ್ಪತ್ರೆಗೆ ಹೋಗಲೇಬೇಕು?

ಹತ್ತು ನಿಮಿಷ ಬಿಡದೆ ಒತ್ತಿದರೂ ರಕ್ತ ನಿಲ್ಲದಿದ್ದರೆ, ರಕ್ತ ಚಿಮ್ಮುತ್ತಿದ್ದರೆ, ಗಾಯದ ಎರಡು ತುಟಿಗಳು ಬಾಯಿ ಬಿಟ್ಟುಕೊಂಡಿದ್ದರೆ, ಒಳಗೆ ಬಿಳಿ ಹುರಿ ಅಥವಾ ಎಲುಬು ಕಂಡರೆ ತಡಮಾಡಬೇಡಿ. ಹೊಲಿಗೆ ಹಾಕಬೇಕಾದ ಗಾಯಕ್ಕೆ ಕೆಲವೇ ಗಂಟೆಗಳ ಒಳಗೆ ಹಾಕಿಸುವುದು ಒಳ್ಳೆಯದು. "ಬೆಳಿಗ್ಗೆ ಬಸ್ಸಿಗೆ ಹೋಗೋಣ" ಅಂದರೆ ಹೊತ್ತು ಮೀರಿರುತ್ತದೆ.

ಬೆರಳಿನ ಗಾಯಕ್ಕೆ ಒಂದು ಪರೀಕ್ಷೆ ಇದೆ. ರಕ್ತ ನಿಂತ ಮೇಲೆ ಬೆರಳನ್ನು ನಿಧಾನವಾಗಿ ಮಡಚಿ, ನೆಟ್ಟಗೆ ಮಾಡಿ. ಆಗುತ್ತದೆಯೇ? ಬೆರಳ ತುದಿಯನ್ನು ಇನ್ನೊಬ್ಬರು ಮೆಲ್ಲಗೆ ಮುಟ್ಟಿದರೆ ತಿಳಿಯುತ್ತದೆಯೇ? ಮಡಚಲು ಬಾರದಿದ್ದರೆ ಬೆರಳನ್ನು ಆಡಿಸುವ ಹುರಿ ತುಂಡಾಗಿರಬಹುದು. ಮುಟ್ಟಿದ್ದು ತಿಳಿಯದಿದ್ದರೆ ನರಕ್ಕೆ ಪೆಟ್ಟು ಬಿದ್ದಿರಬಹುದು. ಹೊರಗೆ ನೋಡಲು ಗಾಯ ಎಷ್ಟೇ ಚಿಕ್ಕದಿರಲಿ, ಇವೆರಡರಲ್ಲಿ ಒಂದಿದ್ದರೂ ಅದು ಸಣ್ಣ ಗಾಯವಲ್ಲ.

ಮುಂದಿನ ದಿನಗಳಲ್ಲಿ ಗಾಯದ ಸುತ್ತ ಕೆಂಪು ಹೆಚ್ಚಿದರೆ, ಊದಿಕೊಂಡರೆ, ಮುಟ್ಟಿದರೆ ಬಿಸಿಯಿದ್ದರೆ, ಕೀವು ಬಂದರೆ, ಕೆಂಪು ಗೆರೆ ಕೈ ಮೇಲಕ್ಕೆ ಏರುತ್ತಿದ್ದರೆ, ಜ್ವರ ಬಂದರೆ ಅಂದೇ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರು ಇಷ್ಟೆಲ್ಲ ಆಗುವ ತನಕ ಕಾಯಲೇಬಾರದು. ಅವರಿಗೆ ಗಾಯ ಮಾಯುವುದು ನಿಧಾನ, ಕೀವಾಗುವುದು ಬೇಗ.

ಕತ್ತಿಯ ತುದಿ ಮೈಯೊಳಗೆ ಆಳವಾಗಿ ಚುಚ್ಚಿಕೊಂಡು ನಿಂತಿದ್ದರೆ ಎಳೆದು ತೆಗೆಯಬೇಡಿ, ಅದು ಅಲುಗಾಡದ ಹಾಗೆ ಸುತ್ತ ಬಟ್ಟೆ ಇಟ್ಟು ಕರೆದೊಯ್ಯಿರಿ. ಬೆರಳು ತುಂಡಾಗಿ ಬಿದ್ದರೆ ಅದನ್ನು ಎಸೆಯಬೇಡಿ. ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸಿನ ಮೇಲಿಟ್ಟು ಗಾಯಾಳುವಿನ ಜೊತೆಗೇ ಕಳುಹಿಸಿ. ಬೆರಳನ್ನು ನೇರವಾಗಿ ಐಸಿನಲ್ಲಿ ಹುಗಿಯಬಾರದು. ಇಂತಹ ಹೊತ್ತಿನಲ್ಲಿ 108ಕ್ಕೆ ಕರೆ ಮಾಡಿ. ನಮ್ಮ ರಾಜ್ಯದಲ್ಲಿ 2008ರಲ್ಲಿ ಶುರುವಾದ ಈ ಆಂಬುಲೆನ್ಸ್ ಸೇವೆಗೆ ಹಣ ಕೊಡಬೇಕಾಗಿಲ್ಲ.

ಧನುರ್ವಾಯು: ತುಕ್ಕಿನಿಂದಲ್ಲ, ಮಣ್ಣಿನಿಂದ

"ಕತ್ತಿ ತುಕ್ಕು ಹಿಡಿದಿರಲಿಲ್ಲ ಸಿಸ್ಟರ್, ಇಂಜೆಕ್ಷನ್ ಯಾಕೆ?" ಅಂತ ಬಹಳ ಜನ ಕೇಳುತ್ತಾರೆ. ಧನುರ್ವಾಯು ತುಕ್ಕಿನಿಂದ ಬರುವುದಲ್ಲ. ಅದರ ರೋಗಾಣು ಮಣ್ಣಿನಲ್ಲಿ, ಧೂಳಿನಲ್ಲಿ, ದನಕರುಗಳ ಸಗಣಿಯಲ್ಲಿ ಬೀಜದ ಹಾಗೆ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಗಾಳಿಯಾಡದ ಗಾಯ ಸಿಕ್ಕಿದರೆ ಚಿಗುರಿಕೊಳ್ಳುತ್ತದೆ. ಅಂಗಳದಲ್ಲಿ ಬಿದ್ದ ಕತ್ತಿ ಫಳಫಳ ಹೊಳೆಯುತ್ತಿದ್ದರೂ ಅದಕ್ಕೆ ಮಣ್ಣು ತಾಗಿರುತ್ತದೆ. ಗಾಯಕ್ಕೆ ಬೂದಿ, ಸಗಣಿ ಬೇಡ ಎಂದದ್ದೂ ಇದೇ ಕಾರಣಕ್ಕೆ.

ಸಾಮಾನ್ಯವಾಗಿ 3 ರಿಂದ 21 ದಿನಗಳ ಒಳಗೆ ದವಡೆ ಬಿಗಿಯುವುದು, ನುಂಗಲು ಕಷ್ಟ, ಕುತ್ತಿಗೆ ಬೆನ್ನು ಸೆಟೆಯುವುದು ಕಾಣಿಸುತ್ತದೆ. ಅಷ್ಟರಲ್ಲಿ ಗಾಯ ಮಾಯ್ದು, ಮರೆತೂ ಹೋಗಿರಬಹುದು. ಕಾಯಿಲೆ ಬಂದ ಮೇಲೆ ದೊಡ್ಡ ಆಸ್ಪತ್ರೆಯಲ್ಲೂ ಜೀವ ಉಳಿಸುವುದು ಕಷ್ಟ. ಬಾರದಂತೆ ತಡೆಯುವುದು ಮಾತ್ರ ಸುಲಭ, ಅದಕ್ಕೆ ಲಸಿಕೆ ಇದೆ. ಮೊದಲು ಟಿಟಿ ಎನ್ನುತ್ತಿದ್ದೆವು. 2019ರಿಂದ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಅದರ ಬದಲು ಟಿಡಿ ಬಂದಿದೆ. ಇದು ಗಂಟಲಮಾರಿಯಿಂದಲೂ ಕಾಪಾಡುತ್ತದೆ.

ಪ್ರತಿ ಗೀರಿಗೂ ಇಂಜೆಕ್ಷನ್ ಬೇಕೆಂದಿಲ್ಲ. ಹಿಂದೆ ಪೂರ್ತಿ ಲಸಿಕೆ ಆದವರಿಗೆ ಶುಭ್ರವಾದ ಸಣ್ಣ ಗಾಯವಾದರೆ, ಕೊನೆಯ ಇಂಜೆಕ್ಷನ್ 10 ವರ್ಷದೊಳಗೆ ಆಗಿದ್ದರೆ ಸಾಕು. ಮಣ್ಣು, ಸಗಣಿ ಸೇರಿದ ಅಥವಾ ಆಳವಾದ ಗಾಯವಾದರೆ 5 ವರ್ಷ ದಾಟಿದವರು ಮತ್ತೆ ಹಾಕಿಸಿಕೊಳ್ಳಬೇಕು. ಎಂದೂ ಹಾಕಿಸಿಕೊಳ್ಳದವರು, ನೆನಪೇ ಇಲ್ಲದವರು ಕೂಡಲೇ ವೈದ್ಯರನ್ನು ಕೇಳಿ. ಅವರಿಗೆ ಒಂದು ಸಾಲದು, ಮೂರು ಸಲ ಬೇಕಾಗುತ್ತದೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಗರ್ಭಿಣಿಯರಿಗೆ ಈ ಲಸಿಕೆ ಕೊಟ್ಟು, ಹೆರಿಗೆ ಆಸ್ಪತ್ರೆಯಲ್ಲಿ ಆಗುವ ಹಾಗೆ ಮಾಡಿದ್ದರಿಂದ 2015ರಲ್ಲಿ ಭಾರತ ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶ ಎನಿಸಿಕೊಂಡಿತು. ಬಹಳ ದೊಡ್ಡ ಸಾಧನೆ. ಆದರೆ ಮಣ್ಣಿನಲ್ಲಿ ರೋಗಾಣು ಹಾಗೆಯೇ ಇದೆ. ನಿಮಗೆ ಬಸುರಿಯಲ್ಲಿ ಇಂಜೆಕ್ಷನ್ ಸಿಕ್ಕಿತು. ನಿಮ್ಮ ಗಂಡ, ಮಾವ, ಕೊನೆಗೌಡಿ ಅಣ್ಣ, ಇವರೆಲ್ಲ ಕೊನೆಯ ಸಲ ಯಾವಾಗ ಹಾಕಿಸಿಕೊಂಡರು? ಇವತ್ತು ಮನೆಗೆ ಹೋಗಿ ಕೇಳಿ, ತಾರೀಕು ಬರೆದಿಡಿ.

ಕೆತ್ತನೆ ಮಾಡುವ ತಮ್ಮಂದಿರಿಗೆ

ಹಿಂದಿನ ಸಾಲಿನವರೇ, ಈಗ ನಿಮ್ಮ ಸರದಿ. ತೆಂಗಿನ ಚಿಪ್ಪಿನಲ್ಲಿ ಸೌಟು, ಹಕ್ಕಿ, ಮರದಲ್ಲಿ ಆನೆ ಮಾಡುತ್ತೀರಿ. ನೋಡಿ ನಮಗೆ ಸಂತೋಷ. ಒಳ್ಳೆಯ ಹವ್ಯಾಸ. ಆದರೆ ನಿಮ್ಮ ಚಾಕು ಎಷ್ಟು ಮೊಂಡಾಗಿದೆ ನೋಡಿದ್ದೀರಾ? ಹರಿತವಾದ ಚಾಕುವಿಗಿಂತ ಮೊಂಡು ಚಾಕು ಹೆಚ್ಚು ಅಪಾಯ. ಅದನ್ನು ಬಲ ಹಾಕಿ ಒತ್ತಬೇಕು, ಒತ್ತಿದಾಗ ಜಾರುತ್ತದೆ, ಜಾರಿದ್ದು ನೇರ ಇನ್ನೊಂದು ಕೈಗೆ. ಹಾಗಾಗಿ ಮಸೆದು ಇಟ್ಟುಕೊಳ್ಳಿ.

ಮೈಯಿಂದ ಹೊರಕ್ಕೆ ಕೆತ್ತಿ, ನಿಮ್ಮ ಕಡೆಗೆ ಎಳೆಯಬೇಡಿ. ತೊಡೆಯ ಮೇಲಿಟ್ಟು ಕೆತ್ತಬೇಡಿ. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಇದೆ. ಹಿಡಿದ ಕೈಯ ಹೆಬ್ಬೆರಳಿಗೆ ದಪ್ಪ ಬಟ್ಟೆ ಅಥವಾ ಚರ್ಮದ ತುಂಡು ಸುತ್ತಿಕೊಳ್ಳಿ. ಕೆತ್ತುವ ಮುಂಚೆ ಕೈ ಪೂರ್ತಿ ಚಾಚಿ ಸುತ್ತ ತಿರುಗಿ. ಕೈಗೆ ಯಾರೂ ತಾಗಬಾರದು, ಅಷ್ಟು ಜಾಗ ನಿಮ್ಮ ಸುತ್ತ ಖಾಲಿ ಇರಲಿ. ಚಾಕು ಕೈಜಾರಿ ಬಿದ್ದರೆ ಹಿಡಿಯಲು ಹೋಗಬೇಡಿ, ಕಾಲು ಹಿಂದಕ್ಕೆ ಎಳೆದುಕೊಂಡು ಬೀಳಲು ಬಿಡಿ. ಇನ್ನೊಬ್ಬರಿಗೆ ಕೊಡುವಾಗ ನಮ್ಮ ಹಿರಿಯರ ಕ್ರಮವೇ ಸರಿ. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತದೆ ಅಂತ ಅವರು ಕೆಳಗಿಟ್ಟು "ತಗೋ" ಅನ್ನುತ್ತಿದ್ದರು. ಜಗಳದ ವಿಷಯ ಹೇಗೋ, ಕೈ ಅಂತೂ ಉಳಿಯುತ್ತಿತ್ತು.

ಅಕ್ಕಂದಿರಿಗೂ ಇದೇ ಮಾತು. ನಿದ್ದೆಗಣ್ಣಿನಲ್ಲಿ ಸುಲಿಯಬೇಡಿ. ಮಂದ ಬೆಳಕಿನಲ್ಲಿ ಕೂರಬೇಡಿ. ಸುಲಿಯುವಾಗ ಮಕ್ಕಳನ್ನು ಮಡಿಲಲ್ಲಿ, ಮಗ್ಗುಲಲ್ಲಿ ಕೂರಿಸಿಕೊಳ್ಳಬೇಡಿ. ಎದ್ದು ಹೋಗುವಾಗ ಮೆಟ್ಟುಗತ್ತಿಯನ್ನು ಮಗ್ಗುಲಾಗಿಸಿ, ಅಲಗು ಗೋಡೆ ಕಡೆಗಿರಲಿ.

ಒಂದು ಡಬ್ಬಿ, ಹದಿನೈದು ನಿಮಿಷ

ನಮಗೆಲ್ಲ ಗೊತ್ತಿರುವ ಬ್ಯಾಂಡೇಡ್ ಹೇಗೆ ಹುಟ್ಟಿತು ಗೊತ್ತೇ? 1920ರಲ್ಲಿ, ಅಮೆರಿಕದಲ್ಲಿ. ಅರ್ಲ್ ಡಿಕ್ಸನ್ ಎಂಬವರು ಜಾನ್ಸನ್ ಅಂಡ್ ಜಾನ್ಸನ್ ಕಂಪೆನಿಯಲ್ಲಿ ನೌಕರಿಯಲ್ಲಿದ್ದರು. ಅವರ ಹೆಂಡತಿ ಜೋಸೆಫಿನ್ ಅಡುಗೆ ಮಾಡುವಾಗ ಆಗಾಗ ಕೈ ಕುಯ್ದುಕೊಳ್ಳುತ್ತಿದ್ದರು. ಒಂಟಿಯಾಗಿ ಒಂದೇ ಕೈಯಲ್ಲಿ ಪಟ್ಟಿ ಕಟ್ಟಿಕೊಳ್ಳುವುದು ಕಷ್ಟ. ಅದಕ್ಕೆ ಗಂಡ ಅಂಟುವ ಟೇಪಿನ ಮೇಲೆ ಅಲ್ಲಲ್ಲಿ ಗಾಜ್ ಬಟ್ಟೆಯ ತುಂಡು ಇಟ್ಟು, ಕತ್ತರಿಸಿ ಅಂಟಿಸಿಕೊಳ್ಳುವ ಹಾಗೆ ಸಿದ್ಧಮಾಡಿಟ್ಟರು. ಮನೆಯ ಹೆಂಗಸಿನ ಸಣ್ಣ ಗಾಯವನ್ನು ಒಬ್ಬರು ಗಮನಿಸಿದ್ದರಿಂದ ಲೋಕಕ್ಕೆಲ್ಲ ಉಪಕಾರವಾಯಿತು. ನಮ್ಮ ಮನೆಗಳಲ್ಲೂ, ಕೆಲಸ ಕೊಡುವ ಮನೆಗಳಲ್ಲೂ ಅಂತಹ ಗಮನ ಬೇಕು.

ಪ್ರತಿ ಸಂಘಕ್ಕೂ ಒಂದು ಬಿಗಿ ಮುಚ್ಚಳದ ಡಬ್ಬಿ ಇರಲಿ. ಅದರಲ್ಲಿ ಒಂದು ಸೋಪು, ಬ್ಯಾಂಡೇಡ್, ಗಾಜ್ ಬಟ್ಟೆ, ಟೇಪು, ಸಣ್ಣ ಕತ್ತರಿ, ಕೈಗವಸು, ಒಗೆದು ಬಿಸಿಲಲ್ಲಿ ಒಣಗಿಸಿ ಕವರಿನಲ್ಲಿಟ್ಟ ನಾಲ್ಕು ಹತ್ತಿ ಬಟ್ಟೆ, ಮತ್ತು ಎಲ್ಲರ ಇಂಜೆಕ್ಷನ್ ತಾರೀಕು ಬರೆದ ಒಂದು ಚಿಕ್ಕ ಪುಸ್ತಕ. ಸಂಘದ ಉಳಿತಾಯದಿಂದ ಇಷ್ಟು ಮಾಡುವುದು ಹೊರೆಯಲ್ಲ.

ಇನ್ನೊಂದು, ಕೆಲಸ ಕೊಡುವ ಮನೆಯವರೊಂದಿಗೆ ಸುಲಿತ ಶುರುವಾಗುವ ಮುಂಚೆಯೇ ಮಾತಾಡಿ. ಒಬ್ಬೊಬ್ಬರೇ ಬೇಡ, ಸಂಘದ ನಾಲ್ಕು ಜನ ಒಟ್ಟಿಗೆ ಹೋಗಿ. ಕೇಳಬೇಕಾದದ್ದು ಬಹಳವಿಲ್ಲ. ಕೈ ಕುಯ್ದವರಿಗೆ ತೊಳೆದು ಪಟ್ಟಿ ಕಟ್ಟಲು ಹದಿನೈದು ನಿಮಿಷ, ಅಂಗಳದಲ್ಲಿ ಶುಭ್ರ ನೀರು, ಸೋಪು, ಒಳ್ಳೆಯ ಬೆಳಕು, ಮತ್ತು ಗಾಯವಾದವರಿಗೆ ಎರಡು ದಿನ ಸಿಪ್ಪೆ ತೆಗೆಯದ ಬೇರೆ ಕೆಲಸ. ಈಗ ಸುಲಿಯುವ ಯಂತ್ರ ಬಂದಿರುವುದರಿಂದ "ಕೇಳಿದರೆ ಇದ್ದ ಕೆಲಸವೂ ಹೋದೀತು" ಎಂಬ ಹೆದರಿಕೆ ನಿಮಗಿದೆ, ನಮಗೆ ಗೊತ್ತು. ಆದರೆ ಕೇಳಿದ ಕಡೆ ಹೆಚ್ಚಿನ ಮನೆಯವರು ಒಪ್ಪಿದ್ದಾರೆ. "ಇಷ್ಟೇನಾ? ಮೊದಲೇ ಹೇಳಬಾರದಿತ್ತಾ ಅಮ್ಮಾ" ಅಂದವರೂ ಇದ್ದಾರೆ.

ಆ ಹೆಬ್ಬೆರಳಿನ ಅಕ್ಕನ ವಿಷಯ ಹೇಳಿ ಮುಗಿಸುತ್ತೇವೆ. ಅವರೀಗ ಸುಲಿಯಲು ಹೋಗುವುದಿಲ್ಲ, ಬೆರಳು ಹಿಡಿತಕ್ಕೆ ಬರುವುದಿಲ್ಲ. ಆದರೆ ಅವರ ಸಂಘದ ಡಬ್ಬಿ ಅವರ ಮನೆಯಲ್ಲೇ ಇದೆ. ಸುಲಿತದ ಕಾಲದಲ್ಲಿ ಸಂಜೆ ಆ ಡಬ್ಬಿ ಹಿಡಿದು ಅಂಗಳದಿಂದ ಅಂಗಳಕ್ಕೆ ಹೋಗುತ್ತಾರೆ. ಯಾರಾದರೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡದ್ದು ಕಂಡರೆ, "ತೆಗಿ ನೋಡೋಣ" ಅನ್ನುತ್ತಾರೆ. ಸಹಿ ಹಾಕುವುದನ್ನೂ ಕಲಿತಿದ್ದಾರೆ, ಬಲಗೈಯಲ್ಲಿ.

ಈ ವರ್ಷ ನಿಮ್ಮ ಪಕ್ಕದಲ್ಲಿ ಕುಳಿತು ಸುಲಿಯುವವರ ಕೈಯನ್ನು ನೀವು ನೋಡಿ. ನಿಮ್ಮ ಕೈಯನ್ನು ಅವರಿಗೆ ತೋರಿಸಿ.  ಈಗ ಚಹಾ ಕುಡಿಯೋಣ. ಕೈ ತೊಳೆದುಕೊಂಡು ಬನ್ನಿ.